ಊರಿಗೆ ಬಾರದೆ ಹೋದ ಸಿನಿಮಾಗಳು

ಪ್ರಶ್ನೆ: ನಾನು ಕಲಬುರಗಿಯಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಭಾನುವಾರ ಸಂಜೆ ಮನೆಮಂದಿಯೆಲ್ಲ ಸೇರಿ ಒಂದು ಸಿನಿಮಾ ನೋಡುವ ರೂಢಿ ಇಟ್ಟುಕೊಂಡಿದ್ದೇವೆ. ನಿಜಾಮರ ಕಾಲದಲ್ಲಿ ಉರ್ದು ಕಲಿತ ನನ್ನ ತಂದೆ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಮಗ ಮತ್ತು ಸೊಸೆ, ಏಳನೆಯ ತರಗತಿಯ ಮೊಮ್ಮಗಳು, ಎಲ್ಲರೂ ಕೂಡುತ್ತೇವೆ. ಹೆಸರಾಂತ ಸಿನಿಮಾಗಳೆಲ್ಲ ಮುಗಿದಿವೆ. ನೀವು ಮನಸಾರೆ ಮೆಚ್ಚಿದ, ಆದರೆ ಸಲ್ಲಬೇಕಾದ ಮನ್ನಣೆ ಸಿಗಲಿಲ್ಲವೆಂದು ನಿಮಗೆ ಅನ್ನಿಸುವ ಸಿನಿಮಾಗಳು ಯಾವುವು? ನಮ್ಮ ಕಡೆಯ ಬದುಕು ಕಾಣುವ ಸಿನಿಮಾ ಏನಾದರೂ ಇದೆಯೇ? ಮೊಮ್ಮಗಳ ಜತೆ ಕೂತು ನೋಡಬಾರದಂಥವು ಇದ್ದರೆ ಅದನ್ನೂ ತಿಳಿಸಿ.

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಮ್ಮ ಕಡೆಯ ಬದುಕು ಕಾಣುವ ಸಿನಿಮಾಗಳು ಇವೆ. ಅವುಗಳಲ್ಲಿ ಕೆಲವು ಹೊರದೇಶಗಳಲ್ಲೂ ಪ್ರಶಸ್ತಿ ಪಡೆದಿವೆ. ಆದರೆ ಕಲಬುರಗಿ, ಬೀದರ, ಯಾದಗಿರಿಯ ಪ್ರೇಕ್ಷಕರಲ್ಲಿ ಅವನ್ನು ನೋಡಿದವರು ಬಹಳ ಕಡಿಮೆ. ಈ ಭಾಗದ ಕಾಲೇಜುಗಳಲ್ಲಿ ಹಲವು ವರ್ಷಗಳಿಂದ ಚಿತ್ರ ರಸಗ್ರಹಣದ ತರಗತಿಗಳನ್ನು ನಡೆಸುತ್ತ ಬಂದಿರುವ ನನಗೆ ಒಂದು ಮಾತು ಖಚಿತವಾಗಿದೆ: ಇಂಥ ಸಿನಿಮಾಗಳಿಗೆ ನಮ್ಮ ಜನರಿಗಿಂತ ಒಳ್ಳೆಯ ಪರೀಕ್ಷಕರಿಲ್ಲ. ಮಳೆ ಕೈಕೊಟ್ಟ ವರ್ಷ ತೊಗರಿಯ ಹೊಲ ಹೇಗೆ ಕಾಣುತ್ತದೆ, ಶಹಾಬಾದಿ ಕಲ್ಲು ಹಾಸಿದ ಮನೆಯೊಳಗೆ ಏಪ್ರಿಲ್ ಮಧ್ಯಾಹ್ನದ ಬೆಳಕು ಎಲ್ಲಿಯವರೆಗೆ ಬರುತ್ತದೆ, ಗೌಡರ ಮನೆಯ ಕಟ್ಟೆಯ ಮೇಲೆ ಕೂಡುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂಬುದನ್ನೆಲ್ಲ ಬಲ್ಲವರಿಗೆ ತೆರೆಯ ಮೇಲಿನ ಸುಳ್ಳು ತಟ್ಟನೆ ತಿಳಿಯುತ್ತದೆ, ನಿಜವೂ ಅಷ್ಟೇ ಬೇಗ ತಿಳಿಯುತ್ತದೆ. ಆದ್ದರಿಂದ ನೀವು ಬಲ್ಲ ನೆಲದ ಸಿನಿಮಾಗಳಿಂದ ಆರಂಭಿಸಿ, ಅಲ್ಲಿಂದ ಹೊರಕ್ಕೆ ಹೋಗಬೇಕೆಂಬುದು ನನ್ನ ಸಲಹೆ. ಈ ಉತ್ತರವನ್ನೂ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಸರು ಗಿರೀಶ್ ಕಾಸರವಳ್ಳಿಯವರ ‘ಕನಸೆಂಬ ಕುದುರೆಯನೇರಿ’ (2010). ರಾಯಚೂರು ಜಿಲ್ಲೆಯ ಕತೆಗಾರ ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯನ್ನು ಆಧರಿಸಿದ ಈ ಸಿನಿಮಾದ ಕೇಂದ್ರದಲ್ಲಿರುವವನು ಈರ್ಯಾ, ಊರಿನ ಹೆಣಗಳಿಗೆ ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲಿ ಯಾರಾದರೂ ಸತ್ತಿದ್ದಾರೆ ಎಂಬುದು ಅವನ ಮತ್ತು ಅವನ ಹೆಂಡತಿ ರುದ್ರಿಯ ನಂಬಿಕೆ. ಆ ನಂಬಿಕೆ ಅವರ ಹೊಟ್ಟೆಪಾಡಿಗೂ ಆಧಾರ, ಊರಲ್ಲಿ ತಮಗೂ ಒಂದು ಸ್ಥಾನವಿದೆ ಎಂಬ ಭಾವನೆಗೂ ಆಧಾರ. ಒಮ್ಮೆ ಕನಸು ಬೀಳುತ್ತದೆ, ಈರ್ಯಾ ಹೊರಟು ಬರುತ್ತಾನೆ, ಆದರೆ ಊರಲ್ಲಿ ಯಾರೂ ಸತ್ತಿಲ್ಲವೆಂಬ ಉತ್ತರ ಸಿಗುತ್ತದೆ. ವಾಸ್ತವದಲ್ಲಿ ಗೌಡರ ಮನೆಯಲ್ಲಿ ಸಾವು ಸಂಭವಿಸಿದೆ. ಮನೆಯವರು ತಮ್ಮ ವ್ಯವಹಾರದ ಲೆಕ್ಕಾಚಾರಕ್ಕಾಗಿ ಆ ಸುದ್ದಿಯನ್ನು ಹೊರಬಿಟ್ಟಿಲ್ಲ. ಉಳ್ಳವರು ಹೊಲವನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವುದನ್ನು ನಾವು ಅನೇಕ ಸಿನಿಮಾಗಳಲ್ಲಿ ನೋಡಿದ್ದೇವೆ. ಇಲ್ಲಿ ಅವರು ಒಂದು ಸಾವನ್ನೇ ಹಿಡಿದಿಟ್ಟುಕೊಳ್ಳುತ್ತಾರೆ, ಅದರಿಂದ ಬಡವನೊಬ್ಬ ಕೂಲಿಯನ್ನಷ್ಟೇ ಅಲ್ಲ, ತನ್ನ ಕನಸು ನಿಜವೆಂಬ ಭರವಸೆಯನ್ನೂ ಕಳೆದುಕೊಳ್ಳುತ್ತಾನೆ. ಇಷ್ಟು ಸೂಕ್ಷ್ಮವಾದ ಅನ್ಯಾಯವನ್ನು ಇಷ್ಟು ಸರಳವಾದ ಘಟನೆಯ ಮೂಲಕ ಹೇಳಿದ ಇನ್ನೊಂದು ಕನ್ನಡ ಸಿನಿಮಾ ನನಗೆ ನೆನಪಾಗುವುದಿಲ್ಲ.

ಈರ್ಯಾನ ಪಾತ್ರ ವಹಿಸಿದವರು ಬೀದರ ಜಿಲ್ಲೆಯ ವೈಜನಾಥ ಬಿರಾದಾರ. ನೂರಾರು ಸಿನಿಮಾಗಳಲ್ಲಿ ಭಿಕ್ಷುಕನಾಗಿ, ಕುಡುಕನಾಗಿ, ಎರಡು ನಿಮಿಷದ ನಗೆಗಾಗಿ ಬಂದು ಹೋಗುತ್ತಿದ್ದ ಈ ನಟನನ್ನು ಕಾಸರವಳ್ಳಿಯವರು ಇಡೀ ಸಿನಿಮಾದ ಭಾರ ಹೊರಲು ಕರೆದರು. ಉಳ್ಳವರ ಮುಂದೆ ನಿಂತಾಗ ತಾನಾಗಿ ಕುಗ್ಗುವ ಮೈ, ಹೆಂಡತಿಗೆ ಕನಸು ಹೇಳುವಾಗ ಅರಳುವ ಮುಖ, ನಂಬಿಕೆ ಅಲುಗಾಡಿದ ಮೇಲೆ ಕಣ್ಣಿನಲ್ಲಿ ಉಳಿಯುವ ಗೊಂದಲ, ಇವೆಲ್ಲ ಅಭಿನಯವೆಂದು ಅನ್ನಿಸದಷ್ಟು ಸಹಜವಾಗಿ ಮೂಡಿವೆ. ರುದ್ರಿಯಾಗಿ ಉಮಾಶ್ರೀ, ಬಿರಾದಾರರಿಗೆ ಸಾಟಿಯಾಗಿ ನಿಂತಿದ್ದಾರೆ. ಸಿನಿಮಾಕ್ಕೆ ಕನ್ನಡದ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಬಿರಾದಾರ ಅವರಿಗೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಭಾಲ್ಕಿಯಲ್ಲೋ ಔರಾದಿನಲ್ಲೋ ಅವರನ್ನು ಹಾಸ್ಯನಟನೆಂದು ಬಲ್ಲವರು ಎಷ್ಟೋ ಜನ ಸಿಗುತ್ತಾರೆ, ಈ ಸಿನಿಮಾ ನೋಡಿದವರು ಮಾತ್ರ ಅಪರೂಪ. ನಮ್ಮ ಜಿಲ್ಲೆಗಳ ಪ್ರತಿ ಕಾಲೇಜಿನಲ್ಲೂ ವರ್ಷಕ್ಕೊಮ್ಮೆಯಾದರೂ ಇದನ್ನು ತೋರಿಸಬೇಕೆಂಬುದು ನನ್ನ ಬಹುಕಾಲದ ಆಸೆ.

ಇಂಥ ಸಿನಿಮಾಗಳು ಏಕೆ ನಮ್ಮನ್ನು ತಲುಪಲಿಲ್ಲ ಎಂಬುದಕ್ಕೆ ಕಾರಣಗಳು ಸ್ಪಷ್ಟವಾಗಿವೆ, ಮತ್ತು ಅವುಗಳಿಗೂ ಸಿನಿಮಾದ ಗುಣಕ್ಕೂ ಸಂಬಂಧ ಕಡಿಮೆ. ಕನ್ನಡ ಚಿತ್ರಗಳ ಹಂಚಿಕೆ ಮೊದಲಿನಿಂದಲೂ ಪ್ರದೇಶವಾರು ಹಕ್ಕುಗಳ ಮೇಲೆ ನಡೆದು ಬಂದಿದೆ: ಬೆಂಗಳೂರು, ಕೋಲಾರ, ತುಮಕೂರು ಸೇರಿದ ಬಿ.ಕೆ.ಟಿ. ಒಂದು ಕಡೆ, ಮೈಸೂರು ಸೀಮೆ ಒಂದು ಕಡೆ, ಮುಂಬೈ ಕರ್ನಾಟಕ ಮತ್ತು ಹೈದರಾಬಾದ್ ಕರ್ನಾಟಕ ಬೇರೆ ಬೇರೆ. ರೀಲುಗಳ ಕಾಲದಲ್ಲಿ ಪ್ರತಿಯೊಂದು ಪ್ರಿಂಟಿಗೂ ದೊಡ್ಡ ಹಣ ಬೇಕಾಗುತ್ತಿತ್ತು, ಆದ್ದರಿಂದ ಕೆಲವೇ ಪ್ರಿಂಟ್ ತೆಗೆಸುವ ಶಕ್ತಿಯಿದ್ದ ನಿರ್ಮಾಪಕ ಅವನ್ನು ಬೆಂಗಳೂರು, ಮೈಸೂರಿನ ಆಚೆಗೆ ಕಳುಹಿಸುವ ಧೈರ್ಯ ಮಾಡುತ್ತಿರಲಿಲ್ಲ. ನಮ್ಮ ಕಡೆಯ ಟಾಕೀಸುಗಳಲ್ಲಿ ಹಿಂದಿ ಮತ್ತು ತೆಲುಗು ಸಿನಿಮಾಗಳಿಗೆ ಮೊದಲಿನಿಂದಲೂ ಗಟ್ಟಿ ನೆಲೆಯಿದ್ದದ್ದರಿಂದ ಉಳಿದ ಜಾಗಕ್ಕೆ ಕನ್ನಡದ ತಾರಾ ಸಿನಿಮಾಗಳೇ ಪೈಪೋಟಿ ನಡೆಸಬೇಕಾಗಿತ್ತು. ಡಿಜಿಟಲ್ ಪ್ರದರ್ಶನ ಬಂದ ಮೇಲೆ ಪ್ರಿಂಟಿನ ಖರ್ಚು ಇಳಿಯಿತು, ಆದರೆ ಸಣ್ಣ ಸಿನಿಮಾಗಳಿಗೆ ಸಿಗುವ ಆಟದ ಹೊತ್ತು ಮತ್ತು ವಾರಗಳು ಹೆಚ್ಚಲಿಲ್ಲ. ರಾಷ್ಟ್ರಪ್ರಶಸ್ತಿ ಬಂದ ದಿನ ಪತ್ರಿಕೆಯಲ್ಲಿ ಹೆಸರು ಓದಿದ್ದಷ್ಟೇ ನಮಗೆ ದಕ್ಕಿದ್ದು. ಅದಕ್ಕಾಗಿಯೇ, ಮನ್ನಣೆ ಸಿಗದ ಸಿನಿಮಾ ಎಂದೊಡನೆ ನಾನು ಪ್ರಶಸ್ತಿಗಳ ಲೆಕ್ಕ ಹಾಕುವುದಿಲ್ಲ. ಯಾರ ಬದುಕನ್ನು ಕುರಿತು ಸಿನಿಮಾ ಮಾಡಲಾಗಿದೆಯೋ ಅವರಿಗೆ ಅದು ಕಂಡಿತೇ ಎಂದು ಕೇಳಿಕೊಳ್ಳುತ್ತೇನೆ.

ಈ ಅಳತೆಯಲ್ಲಿ ಇತ್ತೀಚಿನ ಎರಡು ಸಿನಿಮಾಗಳು ನಿಮ್ಮ ಮನೆಗೆ ಬರಲೇಬೇಕು. ಒಂದು, ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ ಯರೇಹಂಚಿನಾಳ’. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಇದು 2024ರಲ್ಲಿ ಚಿತ್ರಮಂದಿರಗಳಿಗೆ ಬಂತು. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಹಳ್ಳಿ; ಸಿನಿಮಾದಲ್ಲಿ ಕಾಣುವ ಮುಖಗಳಲ್ಲಿ ಬಹುಪಾಲು ಅಲ್ಲಿಯ ಜನರದೇ. ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಶಿವಮ್ಮ, ಹಾಸಿಗೆ ಹಿಡಿದ ಗಂಡ ಗುಣವಾದಾನೆಂದು ಜಾಲ ವ್ಯಾಪಾರದ (ನೆಟ್‌ವರ್ಕ್ ಮಾರ್ಕೆಟಿಂಗ್) ಶಕ್ತಿವರ್ಧಕ ಪಾನೀಯವೊಂದಕ್ಕೆ ಹಣ ಹಾಕುತ್ತಾಳೆ, ಆಮೇಲೆ ಅದನ್ನೇ ಊರವರಿಗೆ ಮಾರತೊಡಗುತ್ತಾಳೆ. ಮೋಸಹೋದ ಹೆಂಗಸಿನ ಕತೆ ಎಂದು ಇದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದಿತ್ತು. ನಿರ್ದೇಶಕರು ಹಾಗೆ ಮಾಡಿಲ್ಲ. ಶಿವಮ್ಮನ ಹಟ, ಮಾರುವಾಗಿನ ಅವಳ ಹುರುಪು, ತಾನೂ ಒಂದು ವ್ಯವಹಾರ ನಡೆಸಬಲ್ಲೆನೆಂಬ ಅವಳ ಹೆಮ್ಮೆ, ಇವೆಲ್ಲವನ್ನೂ ಅವರು ಗೌರವದಿಂದ ನೋಡುತ್ತಾರೆ, ಮತ್ತು ಅದೇ ಕಾರಣದಿಂದ ಅವಳು ಸಿಲುಕಿದ ಬಲೆ ಇನ್ನೂ ಭಯ ಹುಟ್ಟಿಸುತ್ತದೆ. ಮುಖ್ಯ ಪಾತ್ರದ ಶರಣಮ್ಮ ಚೆಟ್ಟಿಯವರ ಮಾತಿನ ಲಯವನ್ನು ಗಮನಿಸಿ. ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತು ಎಂದರೆ ಸಾಮಾನ್ಯವಾಗಿ ಹುಬ್ಬಳ್ಳಿ-ಧಾರವಾಡದ ಮಾತು, ಅದೂ ನಗಿಸುವುದಕ್ಕಾಗಿ ಉಬ್ಬಿಸಿದ ಮಾತು. ಇಲ್ಲಿ ಅದು ಹೆಂಗಸೊಬ್ಬಳು ಸಾಲ, ಕಾಯಿಲೆ, ಮಗಳ ಮದುವೆಗಳನ್ನು ಯೋಚಿಸುವ ಭಾಷೆಯಾಗಿದೆ. ಸ್ವಸಹಾಯ ಸಂಘದ ಕಂತು, ಸಂಬಂಧಿಕರ ಕೈಸಾಲ, ಪರಿಚಯದವರೇ ತಂದುಕೊಡುವ ಹೊಸ ಸ್ಕೀಮುಗಳು ನಮ್ಮ ಹಳ್ಳಿಗಳಲ್ಲಿ ಎಷ್ಟು ಸಾಮಾನ್ಯವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಉತ್ಸವ್ ಗೋನವಾರ ಅವರ ‘ಫೋಟೋ’ (2024). ರಾಯಚೂರು ಕಡೆಯ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಬೆಂಗಳೂರಿನಲ್ಲಿ ದುಡಿಯುವ ಅಪ್ಪನ ಬಳಿಗೆ ಅವನು ಬರುವ ಹೊತ್ತಿಗೆ 2020ರ ಮಾರ್ಚ್ ತಿಂಗಳು ಬಂದಿದೆ. ಮುಂದೆ ಏನಾಯಿತೆಂಬುದು ನಮಗೆಲ್ಲ ಗೊತ್ತು. ಗುಳೆ ಹೋದವರು ಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದು ಬಂದರು. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ, ಮತ್ತು ಬೆಂಗಳೂರು, ಮುಂಬೈ, ಪುಣೆಗಳಿಂದ ಮನೆಗೆ ಮರಳಲು ಹವಣಿಸಿದವರಲ್ಲಿ ಯಾದಗಿರಿ, ಕಲಬುರಗಿ ಜಿಲ್ಲೆಗಳ ಕಟ್ಟಡ ಕಾರ್ಮಿಕರು ಎಷ್ಟೋ ಮಂದಿ ಇದ್ದರು. ಆ ದಿನಗಳ ಬಗ್ಗೆ ಸುದ್ದಿವಾಹಿನಿಗಳು ತೋರಿಸಿದ್ದು ಗುಂಪುಗಳನ್ನು. ಗೋನವಾರ ಅವರು ಒಬ್ಬ ಅಪ್ಪನನ್ನೂ ಒಬ್ಬ ಮಗನನ್ನೂ ತೋರಿಸುತ್ತಾರೆ, ಅವರ ಹಸಿವು, ಬಿಸಿಲು, ಕಾಲುನೋವುಗಳ ಜತೆ ಕೊನೆಯವರೆಗೂ ನಡೆಯುತ್ತಾರೆ. ಇದರ ಕೆಲವು ದೃಶ್ಯಗಳು ಬಹಳ ನಿಧಾನವಾಗಿವೆ. ಮೊಮ್ಮಗಳಿಗೆ ಬೇಸರವೆನಿಸಿದರೆ, ನಡೆಯುವವರಿಗೆ ಆ ದಾರಿ ಎಷ್ಟು ಉದ್ದವಾಗಿತ್ತೆಂಬುದನ್ನು ಮಾತಾಡಿ. ಬೆಂಗಳೂರಿನಲ್ಲಿ ಕಂಪನಿಯಿರುವ, ಆದರೆ ಕಲಬುರಗಿಯ ಮನೆಯಲ್ಲಿ ಕೂತು ದುಡಿಯುವ ನಿಮ್ಮ ಮಗನಿಗೂ ಸೊಸೆಗೂ ಈ ಸಿನಿಮಾ ಹೇಳುವುದು ಬಹಳಷ್ಟಿದೆ.

ಇದೇ ಸಾಲಿಗೆ ಪಿ. ಶೇಷಾದ್ರಿಯವರ ‘ಡಿಸೆಂಬರ್ 1’ ಸೇರುತ್ತದೆ. ಮುಖ್ಯಮಂತ್ರಿ ಗ್ರಾಮ ವಾಸ್ತವ್ಯಕ್ಕೆ ಬಡವರ ಗುಡಿಸಲೊಂದನ್ನು ಆರಿಸಿಕೊಂಡ ಮೇಲೆ ಆ ಕುಟುಂಬಕ್ಕೆ ಏನಾಗುತ್ತದೆ ಎಂಬುದು ಅದರ ವಸ್ತು. ನಿವೇದಿತಾ ಅವರ ಅಭಿನಯಕ್ಕಾಗಿಯೇ ನೋಡಬಹುದು.

ಬರದ ಮಾತು ಬಂದಾಗಲೆಲ್ಲ ನಾನು ಎಂ.ಎಸ್. ಸತ್ಯು ಅವರ ‘ಬರ’ (1982) ಸಿನಿಮಾವನ್ನು ನೆನೆಯುತ್ತೇನೆ. ಯು.ಆರ್. ಅನಂತಮೂರ್ತಿಯವರ ಕತೆ, ಜಿಲ್ಲಾಧಿಕಾರಿಯಾಗಿ ಅನಂತನಾಗ್. ತನ್ನ ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಿ ಎಂಬ ಪ್ರಾಮಾಣಿಕ ಅಧಿಕಾರಿಯ ಕೋರಿಕೆ ರಾಜಧಾನಿಯ ರಾಜಕೀಯದಲ್ಲಿ ಹೇಗೆ ಸಿಲುಕುತ್ತದೆ, ಹಸಿವು ಹೇಗೆ ನೋಡನೋಡುತ್ತಿದ್ದಂತೆ ಕೋಮುಗಲಭೆಯ ಕಡೆಗೆ ಹೊರಳುತ್ತದೆ ಎಂಬುದನ್ನು ಈ ಸಿನಿಮಾ ಒಂದೂ ಘೋಷಣೆ ಕೂಗದೆ ತೋರಿಸುತ್ತದೆ. ನಲವತ್ತು ವರ್ಷ ದಾಟಿದ ಮೇಲೂ ತಾಲೂಕುಗಳನ್ನು ಬರಪಟ್ಟಿಗೆ ಸೇರಿಸುವ, ಬಿಡುವ ಚರ್ಚೆಯನ್ನು ಪ್ರತಿ ಎರಡು-ಮೂರು ವರ್ಷಕ್ಕೊಮ್ಮೆ ಕೇಳುವ ನಮಗೆ ಇದು ಹಳೆಯ ಸಿನಿಮಾ ಎಂದು ಅನ್ನಿಸುವುದೇ ಇಲ್ಲ. ಸತ್ಯು ಇದನ್ನು ‘ಸೂಖಾ’ ಎಂಬ ಹೆಸರಿನಲ್ಲಿ ಹಿಂದಿಯಲ್ಲೂ ಮಾಡಿದರು. ಅವರ ಹೆಸರು ಹೇಳಿದೊಡನೆ ಎಲ್ಲರೂ ‘ಗರ್ಮ್ ಹವಾ’ ಎನ್ನುತ್ತಾರೆ, ಅದು ನ್ಯಾಯವೇ, ಆದರೆ ಆ ಕೀರ್ತಿಯ ಬೆಳಕಿನಲ್ಲಿ ‘ಬರ’ ಮರೆಯಾದದ್ದು ಕನ್ನಡಕ್ಕೆ ಆದ ನಷ್ಟ.

ನಿಮ್ಮ ತಂದೆಯವರಿಗಾಗಿ ಮಾತ್ರ ಆ ಪ್ರಸಿದ್ಧ ಸಿನಿಮಾವನ್ನೂ ಸೇರಿಸಲೇಬೇಕು. 1974ರಲ್ಲಿ ತೆರೆಗೆ ಬಂದ ‘ಗರ್ಮ್ ಹವಾ’ ದೇಶವಿಭಜನೆಯ ನಂತರ ಆಗ್ರಾದಲ್ಲೇ ಉಳಿಯಲು ಬಯಸುವ ಮುಸ್ಲಿಂ ಕುಟುಂಬದ ಕತೆ. ಇಸ್ಮತ್ ಚುಗ್ತಾಯಿ ಅವರ ಕತೆಗೆ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರರೂಪ ಕೊಟ್ಟರು. ಪಾದರಕ್ಷೆ ತಯಾರಿಸುವ ಸಲೀಂ ಮಿರ್ಜಾ ಆಗಿ ಬಲರಾಜ್ ಸಾಹನಿ ಕಾಣಿಸಿಕೊಂಡರು, ಸಿನಿಮಾ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು. ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಕಾಲವನ್ನು ಕಣ್ಣಾರೆ ಕಂಡ ಹಿರಿಯರಿಗೆ, ಒಂದೊಂದೇ ಮನೆ ಖಾಲಿಯಾಗುವುದನ್ನು ತೋರಿಸುವ ದೃಶ್ಯಗಳು ಆಗ್ರಾದ ಕತೆಯಾಗಿ ಉಳಿಯುವುದಿಲ್ಲ. ಸಿನಿಮಾ ಮುಗಿದ ಮೇಲೆ ಅವರನ್ನು ಮಾತಾಡಲು ಬಿಡಿ, ಸಾಧ್ಯವಾದರೆ ಮೊಮ್ಮಗಳು ಅದನ್ನು ಬರೆದುಕೊಳ್ಳಲಿ. ಅಂದಹಾಗೆ, ತಂದೆಯವರು ಹಿಂದಿ ಸಿನಿಮಾದ ಹಳೆಯ ಅಭಿಮಾನಿಯಾಗಿದ್ದರೆ ಎಸ್.ಎಂ. ಪಂಡಿತರ ಮಾತನ್ನೂ ಎತ್ತಿ. ಮುಂಬೈಯಲ್ಲಿ ಸಿನಿಮಾ ಭಿತ್ತಿಚಿತ್ರಗಳಿಗೆ ಮೆರುಗು ತಂದ ಆ ಕಲಾವಿದರು ಹುಟ್ಟಿದ್ದು ಕಲಬುರಗಿಯಲ್ಲೇ, ನಮ್ಮ ರಂಗಮಂದಿರಕ್ಕೆ ಅವರ ಹೆಸರಿದೆ.

‘ಗರ್ಮ್ ಹವಾ’ದ ಉರ್ದು ಉತ್ತರದ ಉರ್ದು. ನಮ್ಮ ದಖನಿಯನ್ನು ಕೇಳಬೇಕಾದರೆ ಶ್ಯಾಮ್ ಬೆನೆಗಲ್ ಅವರ ಮೊದಲ ಕಥಾಚಿತ್ರ ‘ಅಂಕುರ್’ (1974) ನೋಡಬೇಕು. ಹಿಂದಿ ಸಿನಿಮಾ ದಖನಿಯನ್ನು ಹಾಸ್ಯಪಾತ್ರಗಳ ಬಾಯಿಗೆ ಮೀಸಲಿಟ್ಟಿದ್ದ ಹೊತ್ತಿನಲ್ಲಿ ಬೆನೆಗಲ್ ಅದನ್ನು ಜಮೀನ್ದಾರನ ಮಗನ ದರ್ಪಕ್ಕೂ ಕೆಲಸದವಳ ಸಂಕಟಕ್ಕೂ ಬಳಸಿದರು. ತೆಲಂಗಾಣದ ಹಳ್ಳಿಯಲ್ಲಿ ನಡೆಯುವ ಈ ಕತೆಯ ಮಾತುಗಳನ್ನು ಅನುಭವಿಸಲು ಕಲಬುರಗಿ, ಬೀದರದವರಿಗೆ ಯಾರ ಸಹಾಯವೂ ಬೇಡ. ಶಬಾನಾ ಆಜ್ಮಿ ಮತ್ತು ಸಾಧು ಮೆಹರ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ಸರಿಯೇ ಆಯಿತು, ಆದರೆ ನಾನು ಪ್ರತಿ ಸಲವೂ ನೋಡುವುದು ಅನಂತನಾಗ್ ಅವರನ್ನು. ಇಲ್ಲಿ ಅವರು ಅಧಿಕಾರವನ್ನು ಹುಟ್ಟಿನಿಂದಲೇ ಪಡೆದು ಅದರ ಭಾರಕ್ಕೆ ಹೇಡಿಯಾಗುವ ಯುವಕ. ಎಂಟು ವರ್ಷದ ನಂತರ ‘ಬರ’ದಲ್ಲಿ ಅಧಿಕಾರವಿದ್ದೂ ಏನೂ ಮಾಡಲಾಗದೆ ಹೆಣಗುವ ಪ್ರಾಮಾಣಿಕ. ಎರಡನ್ನೂ ಒಂದರ ಹಿಂದೊಂದು ವಾರ ನೋಡಿದರೆ, ಒಬ್ಬ ನಟ ಒಂದೇ ಮುಖದಿಂದ ಎಷ್ಟು ಬೇರೆ ಬೇರೆ ಮನುಷ್ಯರನ್ನು ಕಟ್ಟಬಲ್ಲನೆಂಬುದು ಯಾವ ಪಾಠಕ್ಕಿಂತಲೂ ಚೆನ್ನಾಗಿ ಅರ್ಥವಾಗುತ್ತದೆ.

ತೆಲುಗು ಅರ್ಥವಾಗುವವರು ನಿಮ್ಮ ಮನೆಯಲ್ಲಿದ್ದರೆ, ಇಲ್ಲದಿದ್ದರೂ ಸರಿಯೇ, ಬಿ. ನರಸಿಂಗರಾವ್ ಅವರ ‘ದಾಸಿ’ (1988) ನನ್ನ ಅತ್ಯಂತ ಪ್ರೀತಿಯ ಸಿನಿಮಾಗಳಲ್ಲಿ ಒಂದು. ನಿಜಾಮರ ಆಳ್ವಿಕೆಯ ತೆಲಂಗಾಣದ ದೊರೆಯೊಬ್ಬನ ಮನೆಯಲ್ಲಿ ದುಡಿಯುವ ಹೆಣ್ಣಾಳಿನ ಬದುಕು ಅದರ ವಸ್ತು. ಹಾಡುಗಳಿಲ್ಲ, ಮಾತು ಬಹಳ ಕಡಿಮೆ. ಅಪೂರ್ವ ಕಿಶೋರ್ ಬೀರ್ ಅವರ ಕ್ಯಾಮೆರಾ ಆ ದೊಡ್ಡ ಮನೆಯ ಕಂಬ, ಬಾಗಿಲು, ಅಂಗಳಗಳನ್ನು ನಿಧಾನವಾಗಿ ನೋಡುತ್ತದೆ, ಮತ್ತು ದುಡಿಯುವ ದೇಹ ಆ ಮನೆಯೊಳಗೆ ಎಲ್ಲೆಲ್ಲಿ ಇರಬಹುದು, ಎಲ್ಲಿ ಇರಬಾರದು ಎಂಬುದು ನಮಗೆ ತಾನಾಗಿ ತಿಳಿಯುತ್ತ ಹೋಗುತ್ತದೆ. ಅರ್ಚನಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರವಿದು. ಒಂದೇ ಸಂಸ್ಥಾನದ ಕೆಳಗೆ ಬಾಳಿದ ನಮ್ಮ ಸೀಮೆಯ ವಾಡೆಗಳ, ಅಂದರೆ ಗೌಡರ ದೊಡ್ಡ ಮನೆಗಳ, ಕತೆಯನ್ನು ಕನ್ನಡ ಸಿನಿಮಾ ಇಷ್ಟು ದಿಟ್ಟವಾಗಿ ಇನ್ನೂ ಹೇಳಿಲ್ಲವೆಂಬ ಕೊರಗು ಇದನ್ನು ನೋಡಿದಾಗಲೆಲ್ಲ ನನ್ನನ್ನು ಕಾಡುತ್ತದೆ. ಸುರಪುರದ ಅರಮನೆ, ಬೀದರದ ಕೋಟೆ, ನಮ್ಮ ಹಳ್ಳಿಗಳ ಪಾಳುಬಿದ್ದ ವಾಡೆಗಳು ಇನ್ನೂ ತಮ್ಮ ನಿರ್ದೇಶಕನಿಗಾಗಿ ಕಾಯುತ್ತಿವೆ.

ಮನೆಯ ಹೆಣ್ಣುಮಕ್ಕಳು ಆರಿಸುವ ಭಾನುವಾರಕ್ಕೆ ಕಾಸರವಳ್ಳಿಯವರ ಇನ್ನೆರಡು ಸಿನಿಮಾಗಳನ್ನು ಹೇಳುತ್ತೇನೆ. ‘ಹಸೀನಾ’ (2004) ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕತೆಯಿಂದ ಬಂದದ್ದು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾಡಿಗೆ ನಾಡೇ ಸಂಭ್ರಮಿಸಿತು. ಅದಕ್ಕೂ ಎರಡು ದಶಕ ಮೊದಲೇ ಅವರ ಕತೆಯೊಂದು ಸಿನಿಮಾ ಆಗಿ, ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದಿತ್ತೆಂಬುದು ಆ ಸಂಭ್ರಮದಲ್ಲಿ ಹೆಚ್ಚು ಜನರಿಗೆ ನೆನಪಾಗಲಿಲ್ಲ. ಗಂಡು ಮಗು ಹೆರಲಿಲ್ಲವೆಂದು ಆಟೋ ಓಡಿಸುವ ಗಂಡ ಬಿಟ್ಟುಹೋದ ಮೇಲೆ ನ್ಯಾಯ ಕೇಳಿ ಜಮಾತಿನ ಮುಖ್ಯಸ್ಥರ ಮುಂದೆ ನಿಲ್ಲುವ ಹೆಣ್ಣಿನ ಕತೆ ಇದು. ‘ಗುಲಾಬಿ ಟಾಕೀಸ್’ (2008) ಕರಾವಳಿಯದು, ವೈದೇಹಿಯವರ ಕತೆಯನ್ನು ಆಧರಿಸಿದ್ದು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಡಿಶ್ ಆಂಟೆನಾ ಸಮೇತ ಟೀವಿ ಬಂದಾಗ ಕೇರಿಯ ಹೆಂಗಸರೆಲ್ಲ ಅಲ್ಲಿ ನೆರೆಯುತ್ತಾರೆ, ಕಾರ್ಗಿಲ್ ಯುದ್ಧದ ದಿನಗಳು ಬರುತ್ತಿದ್ದಂತೆ ಅದೇ ಕೇರಿ ಒಡೆಯುತ್ತದೆ. ಟೀವಿ ಒಂದು ಊರಿಗೆ ಬರುವುದೆಂದರೆ ಏನೆಂಬುದು ನಮ್ಮ ಜಿಲ್ಲೆಯ ಹಿರಿಯರಿಗೆ ಬೆಂಗಳೂರಿನವರಿಗಿಂತ ಮೊದಲೇ ಗೊತ್ತು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸುವ ‘ಸೈಟ್’ ಪ್ರಯೋಗ ನಡೆದಾಗ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಟೀವಿ ಪೆಟ್ಟಿಗೆಗಳನ್ನು ಇಡಲಾಗಿತ್ತು; ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಶಾಲೆಯ ಅಂಗಳದಲ್ಲಿ ಊರೆಲ್ಲ ಕೂತು ಒಂದು ಪೆಟ್ಟಿಗೆಯನ್ನು ನೋಡಿದ ನೆನಪು ನಿಮ್ಮ ನೆರೆಹೊರೆಯವರಲ್ಲಿ ಯಾರಿಗಾದರೂ ಇದ್ದರೆ, ಆ ಭಾನುವಾರ ಅವರನ್ನೂ ಕರೆಯಿರಿ.

ಮೊಮ್ಮಗಳಿಗೆ ನನ್ನ ಮೊದಲ ಆಯ್ಕೆ ಡಿ. ಸತ್ಯಪ್ರಕಾಶ್ ಅವರ ‘ಒಂದಲ್ಲಾ ಎರಡಲ್ಲಾ’ (2018). ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತ ಪೇಟೆ ಸೇರುವ ಸಮೀರ ಎಂಬ ಪುಟ್ಟ ಹುಡುಗ ದಾರಿಯಲ್ಲಿ ಎಂಥೆಂಥ ಜನರನ್ನು ಭೇಟಿಯಾಗುತ್ತಾನೆ ಎಂಬುದಷ್ಟೇ ಕತೆ. ಧರ್ಮದ ಹೆಸರಿನಲ್ಲಿ ಗೋಡೆ ಕಟ್ಟಲು ಹೊರಟವರೂ ಆ ಹುಡುಗನ ಮುಗ್ಧತೆಯ ಮುಂದೆ ಮೆತ್ತಗಾಗುವುದನ್ನು ಸಿನಿಮಾ ನಗುನಗುತ್ತಲೇ ತೋರಿಸುತ್ತದೆ. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಇದಕ್ಕೆ ಬಂತು, ಆದರೆ ಜನ ಟಾಕೀಸಿಗೆ ಬರಲಿಲ್ಲ. ಶರಣಬಸಪ್ಪನ ಜಾತ್ರೆಗೂ ಬಂದೇನವಾಜರ ಉರುಸಿಗೂ ಮಕ್ಕಳನ್ನು ಕರೆದುಕೊಂಡು ಹೋಗುವ ಊರಿನಲ್ಲಿ ಬೆಳೆಯುವ ಮಗುವಿಗೆ ಈ ಸಿನಿಮಾ ಸಹಜವಾಗಿ ಒಗ್ಗುತ್ತದೆ. ಸತ್ಯಪ್ರಕಾಶ್ ಅವರ ಮೊದಲ ಸಿನಿಮಾ ‘ರಾಮಾ ರಾಮಾ ರೇ’ (2016) ಇನ್ನೂ ಗಟ್ಟಿಯಾದದ್ದು. ಗಲ್ಲುಶಿಕ್ಷೆಯಿಂದ ತಪ್ಪಿಸಿಕೊಂಡವನೂ ಗಲ್ಲಿಗೇರಿಸುವವನೂ ಒಂದೇ ಜೀಪಿನಲ್ಲಿ ಬಯಲು ದಾರಿ ಹಿಡಿಯುವ ಕತೆಯಾದ್ದರಿಂದ ಅದನ್ನು ದೊಡ್ಡವರು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಹಳೆಯದರಲ್ಲಿ ‘ಕೊಟ್ರೇಶಿ ಕನಸು’ (1994) ನನಗೆ ಬಹಳ ಮುಖ್ಯ. ಕುಂ. ವೀರಭದ್ರಪ್ಪನವರ ಕತೆ, ನಾಗತಿಹಳ್ಳಿ ಚಂದ್ರಶೇಖರ ಅವರ ನಿರ್ದೇಶನ, ಓದಬೇಕೆಂಬ ಆಸೆಯ ದಲಿತ ಹುಡುಗನಾಗಿ ಬಾಲನಟ ವಿಜಯ ರಾಘವೇಂದ್ರ. ಶಿಕ್ಷಕರಾಗಿದ್ದ ನೀವು ಅಂಥ ಎಷ್ಟು ಹುಡುಗರನ್ನು ಕಂಡಿದ್ದೀರೋ ನನಗೆ ಗೊತ್ತಿಲ್ಲ, ಆದರೆ ಈ ಸಿನಿಮಾ ನಿಮ್ಮನ್ನು ಸುಮ್ಮನೆ ಕೂರಲು ಬಿಡುವುದಿಲ್ಲ.

ಅದೇ ವಸ್ತುವನ್ನು ಇನ್ನೂ ಮುಂದಕ್ಕೆ ಕೊಂಡೊಯ್ಯುವ ಮರಾಠಿಯ ‘ಫ್ಯಾಂಡ್ರಿ’ಯನ್ನು (2013) ಬಿಡುವಂತಿಲ್ಲ. ನಿರ್ದೇಶಕ ನಾಗರಾಜ ಮಂಜುಳೆ ಪಕ್ಕದ ಸೊಲ್ಲಾಪುರ ಜಿಲ್ಲೆಯ ಕರಮಾಳ ತಾಲೂಕಿನವರು, ಹೀಗಾಗಿ ಅವರ ಬಯಲು ನಮ್ಮದಕ್ಕಿಂತ ಬೇರೆಯಲ್ಲ. ಅವರ ‘ಸೈರಾಟ್’ ಎಲ್ಲರಿಗೂ ಗೊತ್ತು, ಅದರ ಮೊದಲಿನ ಈ ಸಿನಿಮಾ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು. ಊರಿನ ಹಂದಿಗಳನ್ನು ಹಿಡಿಯುವ ಕುಟುಂಬದ ಹುಡುಗ ಜಬ್ಯಾ, ಸಹಪಾಠಿಗಳ ಎದುರಿಗೇ ಹಂದಿಯ ಹಿಂದೆ ಓಡಬೇಕಾಗುತ್ತದೆ; ಹಂದಿ ಇನ್ನೇನು ಸಿಕ್ಕಿತು ಎನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಆರಂಭವಾಗುತ್ತದೆ, ಇಡೀ ಕುಟುಂಬ ನಿಂತಲ್ಲೇ ನಿಲ್ಲುತ್ತದೆ. ಆ ಒಂದು ದೃಶ್ಯದ ಬಗ್ಗೆ ಇಡೀ ಒಂದು ತರಗತಿ ತೆಗೆದುಕೊಂಡರೂ ಮಾತು ಮುಗಿಯುವುದಿಲ್ಲ. ‘ಅಂಕುರ್’ ಒಬ್ಬ ಬಾಲಕ ಎಸೆಯುವ ಕಲ್ಲಿನಿಂದ ಮುಗಿಯುತ್ತದೆ, ‘ಫ್ಯಾಂಡ್ರಿ’ಯೂ ಜಬ್ಯಾ ಎಸೆಯುವ ಕಲ್ಲಿನಿಂದಲೇ ಮುಗಿಯುತ್ತದೆ. ಮೊದಲನೆಯ ಕಲ್ಲು ಜಮೀನ್ದಾರನ ಕಿಟಕಿಗೆ ಬಿತ್ತು, ಎರಡನೆಯದು ನೇರವಾಗಿ ನಮ್ಮ ಕಡೆಗೆ ಬರುತ್ತದೆ. ನಡುವಿನ ನಲವತ್ತು ವರ್ಷಗಳಲ್ಲಿ ಏನು ಬದಲಾಯಿತು, ಏನು ಆಗಲಿಲ್ಲ ಎಂದು ನಿಮ್ಮ ಮನೆಯ ನಾಲ್ಕು ತಲೆಮಾರುಗಳು ಒಟ್ಟಿಗೆ ಮಾತಾಡಬಹುದಾದ ವಿಷಯವಿದು.

ನಿಮ್ಮ ಸ್ವಂತ ಭಾನುವಾರಕ್ಕೆ, ನಿವೃತ್ತಿ ವೇತನಕ್ಕಾಗಿ ಕಚೇರಿಗಳನ್ನು ಸುತ್ತಿದ ಅನುಭವ ನಿಮಗೂ ಇದ್ದರೆ, ‘ತಬರನ ಕಥೆ’ಯನ್ನು ಸೂಚಿಸುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ ಕತೆ, ತಬರನಾಗಿ ಚಾರುಹಾಸನ್. ಇದಕ್ಕೆ ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂದಿತ್ತು, ಚಾರುಹಾಸನ್‌ರಿಗೂ ರಾಷ್ಟ್ರಪ್ರಶಸ್ತಿ ಬಂದಿತ್ತು. ಆದರೂ ನನ್ನ ವಿದ್ಯಾರ್ಥಿಗಳಲ್ಲಿ ಬಹುತೇಕರು ಹೆಸರನ್ನೂ ಕೇಳಿಲ್ಲ. ಶಂಕರ್ ನಾಗ್ ಅವರನ್ನು ಆಟೋ ಹಿಂದಿನ ಚಿತ್ರದಿಂದ ಮಾತ್ರ ಬಲ್ಲ ಯುವಕರಿಗೆ, ಪಾದಚಾರಿ ದಾರಿಯಲ್ಲಿ ಮಲಗಿದವರ ಮೇಲೆ ಹರಿಯುವ ಕಾರಿನ ಸುತ್ತ ಹೆಣೆದ, ಹಾಡುಗಳೇ ಇಲ್ಲದ ‘ಆಕ್ಸಿಡೆಂಟ್’ (1985). ರಾಜಕುಮಾರ್ ಅಭಿಮಾನಿಗಳಿಗೆ ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964). ಕಿವಿ ಕೇಳದ, ಮಾತು ಬಾರದ ಹೆಂಡತಿಯಾಗಿ ಹರಿಣಿ ಮಾಡಿದ ಪಾತ್ರ ಅರವತ್ತು ವರ್ಷದ ಮೇಲೂ ಮಂಕಾಗಿಲ್ಲ. ಬಸವಕಲ್ಯಾಣಕ್ಕೆ ಹೋಗಿ ಬಂದ ವಾರ ‘ಜಗಜ್ಯೋತಿ ಬಸವೇಶ್ವರ’ (1959) ಹಾಕಿ. ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. ಶೈಲಿ ನಾಟಕದ ಶೈಲಿ, ಆದರೆ ಬಿಜ್ಜಳನ ಪಾತ್ರದಲ್ಲಿ ರಾಜಕುಮಾರ್ ಅವರನ್ನು ನೋಡುವ ಅವಕಾಶ ಇನ್ನೆಲ್ಲೂ ಸಿಗುವುದಿಲ್ಲ.

ನೋಡುವ ವಿಧಾನದ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ಒಳ್ಳೆಯ ಸಿನಿಮಾ ಕೆಟ್ಟ ಪ್ರತಿಯಿಂದಲೇ ಅರ್ಧ ಸೋಲುತ್ತದೆ. ಹೊಸ ಟೀವಿಗಳಲ್ಲಿ ಚಲನೆಯನ್ನು ನುಣುಪುಗೊಳಿಸುವ ಮೋಷನ್ ಸ್ಮೂದಿಂಗ್ ಎಂಬ ವ್ಯವಸ್ಥೆ ತಾನಾಗಿ ಚಾಲೂ ಇರುತ್ತದೆ. ಅದು ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ, ಆದ್ದರಿಂದ ಮೊದಲು ಅದನ್ನು ಆಫ್ ಮಾಡಿಸಿ. ಹಳೆಯ ಕಪ್ಪು-ಬಿಳುಪು ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರದ್ದು. ಪರದೆ ತುಂಬಬೇಕೆಂದು ಅದನ್ನು ಎಳೆದರೆ ಮುಖಗಳೆಲ್ಲ ಚಪ್ಪಟೆಯಾಗುತ್ತವೆ, ಎರಡು ಬದಿಗಳಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಅಂತರ್ಜಾಲದಲ್ಲಿ ಯಾರೋ ಹಾಕಿದ ಮಸುಕು ಪ್ರತಿಗಿಂತ ನಿರ್ಮಾಪಕರು, ದೂರದರ್ಶನ ಅಥವಾ ಚಿತ್ರ ಸಂಗ್ರಹಾಲಯದವರು ಬಿಡುಗಡೆ ಮಾಡಿದ ಪ್ರತಿಗಾಗಿ ಕಾಯುವುದು ಲೇಸು. ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿದೆ. ಎಸ್. ರಾಮಚಂದ್ರ ಅವರ ಛಾಯಾಗ್ರಹಣದ ಆ ಕಪ್ಪು-ಬಿಳುಪಿನ ಸೊಗಸನ್ನು ಆ ಪ್ರತಿಯಲ್ಲೇ ನೋಡಬೇಕು.

ಆದರೆ ‘ಘಟಶ್ರಾದ್ಧ’ವನ್ನು ಮೊಮ್ಮಗಳ ಜತೆ ಈಗಲೇ ನೋಡಬೇಡಿ. ಗರ್ಭಿಣಿಯಾದ ಬಾಲವಿಧವೆಗೆ ಬಹಿಷ್ಕಾರ ಹಾಕುವ ಆ ಕತೆಯನ್ನು ಪುಟ್ಟ ಹುಡುಗನೊಬ್ಬನ ಕಣ್ಣಿನಿಂದ ತೋರಿಸಲಾಗಿದೆಯಾದರೂ ಅದು ಮಕ್ಕಳ ಸಿನಿಮಾ ಅಲ್ಲ. ‘ದಾಸಿ’ ಮತ್ತು ‘ಅಂಕುರ್’ ಎರಡರಲ್ಲೂ ಒಡೆಯನು ಆಳಿನ ದೇಹದ ಮೇಲೆ ಸಾಧಿಸುವ ಹಕ್ಕೇ ವಸ್ತುವಾಗಿರುವುದರಿಂದ, ಅವು ಅವಳು ಪಿಯುಸಿಗೆ ಬರುವವರೆಗೆ ಕಾಯಲಿ. ‘ಫ್ಯಾಂಡ್ರಿ’ಯಲ್ಲಿ ಬೈಗುಳಗಳಿವೆ, ಅವನ್ನು ಅವಳು ಶಾಲೆಯ ಬಯಲಿನಲ್ಲಿ ಈಗಾಗಲೇ ಕೇಳಿರುತ್ತಾಳೆ, ಯಾರು ಯಾರಿಗೆ ಯಾಕೆ ಬೈಯುತ್ತಾರೆ ಎಂಬುದನ್ನು ನಿಮ್ಮಿಂದ ತಿಳಿಯುವುದು ಒಳ್ಳೆಯದು. ‘ಹಸೀನಾ’ವನ್ನು ಅವಳ ಜತೆ ಧಾರಾಳವಾಗಿ ನೋಡಬಹುದು, ಆದರೆ ಅದರ ಕೊನೆ ಕಠೋರವಾದ್ದರಿಂದ ಮಲಗುವ ಹೊತ್ತಿಗೆ ಮುಗಿಯುವಂತೆ ಹಾಕದೆ ಮಧ್ಯಾಹ್ನವೇ ಹಾಕಿ. ಸಿನಿಮಾ ಮುಗಿದ ಮೇಲೆ ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ನಿಮಗೂ ನಿಮ್ಮ ಸೊಸೆಗೂ ಸಾಕಷ್ಟು ಹೊತ್ತು ಉಳಿದಿರಬೇಕು.